ಧನ ಯಾವುದು, ಋಣ ಯಾವುದು?

ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುತ್ತಿರುವ ನಾನು ಮೋಟಾರು ಕಾರಿನ ತಂತಿಗಳ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕ ಮಿತ್ರರು ನಕ್ಕಾರು, ಗುರುಗಳು ಹುಬ್ಬೇರಿಸಿಯಾರು. ಆದರೆ ಈ ವಿಷಯವನ್ನು ನಾನಾಗಿ ಆರಿಸಿಕೊಂಡದ್ದಲ್ಲ. ನನ್ನ ಕೈಯಿಂದಲೇ ನಡೆದ ಒಂದು ತಪ್ಪು ಅದನ್ನು ನನ್ನ ತಲೆಗೆ ಕಟ್ಟಿತು.

ಮದ್ದೂರಿನಲ್ಲಿ ನನ್ನ ಸೋದರಮಾವನದೊಂದು ಹಳೆಯ ಬಾಡಿಗೆ ಕಾರು ಉಂಟು. ಮದುವೆ, ಆಸ್ಪತ್ರೆ, ದೇವಸ್ಥಾನ ಎಂದು ಮಳವಳ್ಳಿಗೋ ಮಂಡ್ಯಕ್ಕೋ ಜನರನ್ನು ಕರೆದೊಯ್ದು ಬಂದ ಹಣದಲ್ಲಿಯೇ ಮನೆಯೂ ನಡೆಯಬೇಕು, ನನ್ನ ಓದೂ ನಡೆಯಬೇಕು. ಕಳೆದ ವೈಶಾಖದ ಒಂದು ಬೆಳಗಿನ ಜಾವ, ದಿಬ್ಬಣಕ್ಕೆ ಹೊರಡಬೇಕಾಗಿದ್ದ ಆ ಕಾರು ಮಿಸುಕಲಿಲ್ಲ. ರಾತ್ರಿಯೆಲ್ಲ ಒಳಗಿನ ದೀಪ ಉರಿದು ಬ್ಯಾಟರಿ ಬರಿದಾಗಿತ್ತು. ನೆರೆಯವರ ಟ್ರಾಕ್ಟರನ್ನು ಪಕ್ಕಕ್ಕೆ ತಂದು ನಿಲ್ಲಿಸಿದೆವು. ಎರಡು ಬ್ಯಾಟರಿಗಳಿಗೂ ಕೇಬಲ್ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು.

"ಪಾಸಿಟಿವ್ ಯಾವುದು ಅಂತ ನೋಡ್ಕೊಂಡೆಯೇನೋ?" ಎಂದು ಮಾವ ಟಾರ್ಚು ಹಿಡಿದು ಕೇಳಿದರು.

"ಕೆಂಪು ಪಾಸಿಟಿವ್ ಅಲ್ವೆ ಮಾವ, ಅಷ್ಟೂ ಗೊತ್ತಿಲ್ವೆ?" ಎಂದೆ.

ಬ್ಯಾಟರಿಯ ಮೇಲೆ ಧೂಳೂ ಬಿಳಿಯ ಉಪ್ಪೂ ಕಟ್ಟಿಕೊಂಡು ಗುರುತುಗಳು ಮುಚ್ಚಿಹೋಗಿದ್ದವು. ಕೆಂಪು ತಂತಿ ಸೇರಿದ್ದ ಕಂಬಕ್ಕೆ ಕೆಂಪು ಕೇಬಲ್ಲನ್ನು ಕಚ್ಚಿಸಿದೆ. ಕಡೆಯ ಚಿಮುಟವನ್ನು ಮುಟ್ಟಿಸಿದೊಡನೆ ಕಿಡಿ ಹಾರಿತು. ಸುಟ್ಟ ವಾಸನೆ ಬಂತು. ಹಿಂದೆ ಎಂದೋ ರಿಪೇರಿ ಮಾಡಿದವರಾರೋ ಕೈಗೆ ಸಿಕ್ಕ ಕೆಂಪು ತಂತಿಯನ್ನೇ ಋಣದ ಕಡೆಗೆ ಹಾಕಿದ್ದರು. ದಿಬ್ಬಣ ಬೇರೆಯವರ ಕಾರಿನಲ್ಲಿ ಹೊರಟಿತು. ನಮ್ಮ ಕಾರು ಎಂಟು ದಿನ ಮನೆಯ ಮುಂದೆ ನಿಂತಿತು. ಮಾವ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ಆ ಎಂಟು ದಿನಗಳಲ್ಲಿ, ಕಾರನ್ನು ಸರಿಪಡಿಸಿದ ವೃದ್ಧ ಮೆಕ್ಯಾನಿಕರ ಬಳಿ ಕುಳಿತು ಕೇಳಿ ಕಲಿತದ್ದನ್ನೂ, ಬಳಿಕ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯವರಿಗೆ ವಿದ್ಯುತ್ತು ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಪಡೆದು ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಅದರ ಬೆಳಕು ಬಂತು. ಆದರೆ ಅದು ಪರ್ಯಾಯ ವಿದ್ಯುತ್ತು, ಎಂದರೆ ಹಿಂದಕ್ಕೂ ಮುಂದಕ್ಕೂ ದಿಕ್ಕು ಬದಲಿಸುತ್ತಲೇ ಇರುವಂಥದು. ಇಂದು ನಮ್ಮ ಮನೆಗೆ ಬರುವ ವಿದ್ಯುತ್ತಿನಲ್ಲಿ ಈ ಆವರ್ತನ ಸೆಕೆಂಡಿಗೆ 50 ಸಲ ನಡೆಯುತ್ತದೆ. ಆದಕಾರಣ ಮನೆಯ ತಂತಿಗಳಲ್ಲಿ ಶಾಶ್ವತವಾದ ಧನವೂ ಇಲ್ಲ, ಋಣವೂ ಇಲ್ಲ. ಕಾರಿನ ಬ್ಯಾಟರಿಯದು ಹಾಗಲ್ಲ. ಅದು ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತು. ಅದಕ್ಕೆ ಎರಡು ಧ್ರುವಗಳುಂಟು. ಅವು ಅದಲುಬದಲಾದರೆ ಅನರ್ಥ ತಪ್ಪಿದ್ದಲ್ಲ.

ಅನರ್ಥವೆಂದರೆ ಏನು? ಕಾರು ಓಡುವಾಗ ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಆಲ್ಟರ್ನೇಟರಿನೊಳಗೆ ಡಯೋಡುಗಳೆಂಬ ಬಿಡಿಭಾಗಗಳಿವೆ. ಇವು ಒಂದೇ ಕಡೆಗೆ ತೆರೆಯುವ ಬಾಗಿಲುಗಳಿದ್ದಂತೆ. ಬ್ಯಾಟರಿಯನ್ನು ತಲೆಕೆಳಗಾಗಿ ಸೇರಿಸಿದರೆ ಮುಚ್ಚಿರಬೇಕಾದ ಬಾಗಿಲು ತೆರೆದು, ತಡೆಯಿಲ್ಲದೆ ವಿದ್ಯುತ್ತು ನುಗ್ಗಿ ಅವು ಸುಟ್ಟುಹೋಗುತ್ತವೆ. ನಮ್ಮ ಕಾರಿಗೆ ಆದದ್ದು ಇದೇ.

ಧನ, ಋಣ ಎಂಬ ಹೆಸರುಗಳ ವಿಚಾರವೂ ಸ್ವಾರಸ್ಯವಾಗಿದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಕೂಡುವ ಸಂಖ್ಯೆಗೆ ಧನವೆಂದೂ ಕಳೆಯುವ ಸಂಖ್ಯೆಗೆ ಋಣವೆಂದೂ ಕರೆದನು; ಒಂದು ಸಂಪತ್ತು, ಇನ್ನೊಂದು ಸಾಲ. 1747ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತು ಹೆಚ್ಚಾಗಿರುವ ಕಡೆಯನ್ನು ಪ್ಲಸ್, ಕೊರತೆಯಾಗಿರುವ ಕಡೆಯನ್ನು ಮೈನಸ್ ಎಂದನು. ಆದರೆ 1897ರಲ್ಲಿ ಜೆ. ಜೆ. ಥಾಮ್ಸನ್ನನು ಇಲೆಕ್ಟ್ರಾನನ್ನು ಕಂಡುಹಿಡಿದ ಮೇಲೆ, ತಂತಿಯಲ್ಲಿ ನಿಜವಾಗಿ ಚಲಿಸುವುದು ಋಣದಿಂದ ಧನದ ಕಡೆಗೆಂದು ತಿಳಿದುಬಂತು! ಹೆಸರುಗಳು ಮಾತ್ರ ಹಾಗೆಯೇ ಉಳಿದವು. ಹೆಸರು ನಮ್ಮ ಒಪ್ಪಂದ. ತಂತಿಯ ಬಣ್ಣವೂ ಅಂಥದೇ ಒಪ್ಪಂದ. ಒಪ್ಪಂದವನ್ನು ಎಲ್ಲರೂ ಪಾಲಿಸಿದ್ದಾರೆಂದು ನಂಬಿದ್ದೇ ನನ್ನ ತಪ್ಪು.

ಬಣ್ಣಗಳ ಗೊಂದಲವನ್ನೇ ನೋಡಿ. ಇಂಗ್ಲೆಂಡಿನ ಪದ್ಧತಿಯ ಕಾರುಗಳಲ್ಲಿ ಕಂದು ತಂತಿ ಬ್ಯಾಟರಿಯ ಧನದಿಂದ ಬರುವ ಮುಖ್ಯ ತಂತಿ, ಕಪ್ಪು ಋಣ. ಜರ್ಮನಿಯ ಪದ್ಧತಿಯಲ್ಲಿ ಕಂದು ತಂತಿಯೇ ಋಣ. ಅಲ್ಲಿ ಕಪ್ಪು ತಂತಿ ಬೀಗದ ಕೈ ತಿರುಗಿಸಿದಾಗ ಜೀವ ಬರುವ ಧನ! ಮನೆಯಲ್ಲಿ ಭೂಸಂಪರ್ಕಕ್ಕೆ ಹಸಿರು ತಂತಿಯನ್ನು ಬಳಸುತ್ತೇವೆ. ಇಂಗ್ಲೆಂಡಿನ ಕಾರಿನಲ್ಲಿ ಅದೇ ಹಸಿರು ಧನದ ತಂತಿ. ಕಾರಿನ ರೇಡಿಯೋ ಕೊಂಡರೆ ಅದರ ಹಳದಿ ತಂತಿಗೆ ಸದಾ ವಿದ್ಯುತ್ತು ಬೇಕು, ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ ಬೇಕು, ಕಪ್ಪು ಋಣ. ಇದರ ಮೇಲೆ ಹತ್ತು ಕೈಗಳ ರಿಪೇರಿ ಸೇರಿದರೆ ಬಣ್ಣದ ಸಾಕ್ಷಿಯನ್ನು ಯಾವ ನ್ಯಾಯಾಲಯ ತಾನೆ ಒಪ್ಪೀತು?

ಹಾಗಾದರೆ ಗುರುತಿಸುವುದು ಹೇಗೆ? ಮೊದಲು ಬ್ಯಾಟರಿಯನ್ನು ಒರೆಸಿ ನೋಡಬೇಕು. ಕಂಬಗಳ ಬಳಿ + ಮತ್ತು − ಗುರುತುಗಳು ಅಚ್ಚಾಗಿರುತ್ತವೆ. ಅವು ಅಳಿಸಿಹೋಗಿದ್ದರೂ, ಸೀಸದ ದುಂಡುಕಂಬಗಳುಳ್ಳ ಸಾಮಾನ್ಯ ಬ್ಯಾಟರಿಯಲ್ಲಿ ಧನದ ಕಂಬ ತುಸು ದಪ್ಪ, ಋಣದ್ದು ತುಸು ಸಣ್ಣ. ಅನಂತರ ದಪ್ಪ ತಂತಿಗಳಲ್ಲಿ ಯಾವುದು ಕಾರಿನ ಲೋಹದ ಮೈಗೆ ಬೋಲ್ಟಿನಿಂದ ಬಿಗಿದಿದೆ ಎಂದು ನೋಡಬೇಕು. ಈಗಿನ ಕಾರುಗಳಲ್ಲಿ ಅದು ಋಣ. ಕಾರಿನ ಮೈಯೆಲ್ಲ ಋಣದ ಹಿಂದಾರಿಯೇ. ಇಂಗ್ಲೆಂಡಿನಲ್ಲಿ ತಯಾರಾದ ಹಲವು ಹಳೆಯ ಕಾರುಗಳಲ್ಲಿ 1960ರ ದಶಕದ ನಡುವಿನವರೆಗೂ ಧನವನ್ನೇ ಮೈಗೆ ಕಟ್ಟುತ್ತಿದ್ದುದರಿಂದ, ಅಂಥ ಹಳೆಯ ಕಾರು ಎದುರಾದಾಗ ಇದನ್ನೂ ಪರೀಕ್ಷಿಸಿಯೇ ನಂಬಬೇಕು.

ಉಳಿದ ತಂತಿಗಳಿಗೆ 12 ವೋಲ್ಟಿನ ಸಣ್ಣ ಪರೀಕ್ಷಾದೀಪ ಸಾಕು. ಅದರ ಒಂದು ತುದಿಯನ್ನು ಕಾರಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ, ಇನ್ನೊಂದನ್ನು ತಂತಿಗೆ ಮುಟ್ಟಿಸಿದಾಗ ದೀಪ ಉರಿದರೆ ಅದು ಧನ. ಉರಿಯದಿದ್ದರೆ ಋಣವೆಂದು ಒಡನೆಯೇ ತೀರ್ಮಾನಿಸಬಾರದು. ಕೀಲಿ ತಿರುಗಿಸಿ ಮತ್ತೆ ನೋಡಬೇಕು. ಆಗಲೂ ಉರಿಯದಿದ್ದರೆ ದೀಪದ ಒಂದು ತುದಿಯನ್ನು ಬ್ಯಾಟರಿಯ ಧನಕ್ಕೆ ಬದಲಿಸಿ ನೋಡಬೇಕು. ಪೂರ್ಣಪ್ರಕಾಶದಿಂದ ಉರಿದರೆ ಆ ತಂತಿ ಋಣ. ಎರಡು ಬಿಡಿ ತಂತಿಗಳ ನಡುವೆ ಮಾತ್ರ ಈ ದೀಪವನ್ನಿಟ್ಟು ಪ್ರಯೋಜನವಿಲ್ಲ, ಏಕೆಂದರೆ ಸಾಮಾನ್ಯ ಬಲ್ಬಿಗೆ ದಿಕ್ಕು ತಿಳಿಯದು. ಅಲ್ಲಿ ಮಲ್ಟಿಮೀಟರ್ ಬೇಕು: ಅಂಕಿಯ ಹಿಂದೆ ಮೈನಸ್ ಗುರುತು ಬಾರದಿದ್ದರೆ ಅದರ ಕೆಂಪು ಮೊನೆ ಮುಟ್ಟಿರುವುದು ಧನ, ಬಂದರೆ ಋಣ. ಹೊಸ ಕಾರುಗಳಲ್ಲಿ ಗಾಳಿಚೀಲಕ್ಕೆ ಹೋಗುವ ತಂತಿಗಳನ್ನು, ಅವು ಸಾಮಾನ್ಯವಾಗಿ ಹಳದಿ ಕವಚದಲ್ಲಿರುತ್ತವೆ, ಇಂಥ ದೀಪದಿಂದ ಎಂದಿಗೂ ಮುಟ್ಟಬಾರದು.

ಮೀಟರೂ ಇಲ್ಲದಾಗ ಹಳಬರು ಬಳಸುತ್ತಿದ್ದ ಉಪಾಯವೊಂದುಂಟು. ಆಲೂಗಡ್ಡೆಯೊಂದನ್ನು ಸೀಳಿ, ಫ್ಯೂಸು ಇರುವ ಕಡೆಯಿಂದ ಬಂದ ಎರಡು ತಾಮ್ರದ ತಂತಿಗಳ ತುದಿಗಳನ್ನು ಒಂದಕ್ಕೊಂದು ತಾಕದಂತೆ ಅದಕ್ಕೆ ಚುಚ್ಚುವುದು. ಸ್ವಲ್ಪ ಹೊತ್ತಿನಲ್ಲಿ ಧನದ ತುದಿಯ ಸುತ್ತ ತಾಮ್ರ ಕರಗಿ ಹಸಿರು ಕಲೆ ಮೂಡುತ್ತದೆ. ಋಣದ ತುದಿಯಲ್ಲಿ ನೊರೆ ಏಳುತ್ತದೆ. ನಾನು ಇದನ್ನು ನಮ್ಮ ಅಡಿಗೆಮನೆಯ ಆಲೂಗಡ್ಡೆಯಲ್ಲಿ ಮಾಡಿ ನೋಡಿ ಅತ್ತೆಯಿಂದ ಬೈಸಿಕೊಂಡದ್ದೂ ಆಯಿತು.

ಕಡೆಯದಾಗಿ ಕ್ರಮ. ಬಿಚ್ಚುವಾಗ ಮೈಗೆ ಕಟ್ಟಿರುವ ಋಣವನ್ನು ಮೊದಲು ಬಿಚ್ಚಬೇಕು. ಹಾಕುವಾಗ ಅದನ್ನು ಕಡೆಯಲ್ಲಿ ಹಾಕಬೇಕು. ಋಣ ಸೇರಿರುವಾಗ ಧನವನ್ನು ಬಿಚ್ಚುವ ಸ್ಪ್ಯಾನರು ಕಾರಿನ ಮೈಗೆ ತಾಗಿದರೆ ದೊಡ್ಡ ಕಿಡಿಯೇ ಹಾರುತ್ತದೆ. ಇನ್ನೊಂದು ಗಾಡಿಯಿಂದ ವಿದ್ಯುತ್ತನ್ನು ಪಡೆಯುವಾಗ ಧನಕ್ಕೆ ಧನವನ್ನು ಸೇರಿಸಿ, ಕಪ್ಪು ಕೇಬಲ್ಲಿನ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಋಣಕ್ಕೆ ಹಾಕಿ, ಕಡೆಯ ತುದಿಯನ್ನು ಕೆಟ್ಟ ಕಾರಿನ ಇಂಜಿನ್ನಿನ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಕಚ್ಚಿಸಬೇಕು. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲಕ್ಕೆ ಕಿಡಿ ತಾಗಿದರೆ ಅದು ಸಿಡಿಯಬಹುದು. ಅಂದು ನಮ್ಮ ಮುಖಗಳು ಉಳಿದದ್ದು ಭಾಗ್ಯವೆಂದೇ ಹೇಳಬೇಕು.

ಕಾರು ಮತ್ತೆ ಓಡುತ್ತಿದೆ. ಆಲ್ಟರ್ನೇಟರಿನ ಸಾಲ ಇನ್ನೂ ಪೂರ್ತಿ ತೀರಿಲ್ಲ. ಬ್ರಹ್ಮಗುಪ್ತನ ಋಣವೆಂದರೇನೆಂದು ನನಗೆ ಈಗ ಚೆನ್ನಾಗಿ ತಿಳಿದಿದೆ. ಮೊನ್ನೆ ಹೊಸ ಬ್ಯಾಟರಿ ತಂದಾಗ ಮಾವ ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟರು. ಟಾರ್ಚು ಹಿಡಿದು, "ಪಾಸಿಟಿವ್ ಯಾವುದೋ?" ಎಂದರು. "ತಾಳಿ ಮಾವ, ನೋಡಿ ಹೇಳ್ತೀನಿ" ಎಂದು ಮೀಟರನ್ನು ತೆಗೆದುಕೊಂಡೆ.