ಒಂಬತ್ತರಿಂದ ಭಾಗ ಹೋದ ವ್ಯತ್ಯಾಸ

ಆಡಿಟರ್ ಆಫೀಸಿಗೆ ಏಪ್ರಿಲ್ ಎಂದರೆ ಸುಗ್ಗಿ. ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿದಿರುತ್ತದೆ. ಅಂಗಡಿಯವರು, ಅಡಿಕೆ ಮಂಡಿಯವರು, ಕಂಟ್ರಾಕ್ಟರುಗಳು ಬಿಲ್ಲುಗಳನ್ನು ಚೀಲದಲ್ಲಿ ತುಂಬಿಕೊಂಡು ಮೆಟ್ಟಿಲು ಹತ್ತುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ರಜೆ ಸಿಗುವುದೂ ಅದೇ ಹೊತ್ತಿಗೆ. "ಮಗಳನ್ನ ನಮ್ಮ ಆಫೀಸಿಗೆ ಕಳಿಸಿ, ಕೆಲಸ ಕಲೀಲಿ" ಎಂದು ಶಿವಮೊಗ್ಗದ ನಮ್ಮ ಬೀದಿಯ ಆಡಿಟರ್ ಮೇಡಂ ಅಮ್ಮನಿಗೆ ಹೇಳಿದ್ದರಿಂದ ಆ ಬೇಸಿಗೆಯ ನನ್ನ ಇಂಟರ್ನ್‌ಶಿಪ್ ಶುರುವಾಯಿತು. ಈಗ ನಾನು ದ್ವಿತೀಯ ಪಿಯುಸಿ ಕಾಮರ್ಸ್ ಓದುತ್ತಿದ್ದೇನೆ.

ಅಪ್ಪನಿಗೆ ಮಾತ್ರ ಅನುಮಾನ: ಈ ವಯಸ್ಸಿಗೆ ಕೆಲಸಕ್ಕೆ ಕಳಿಸಬಹುದೇ? ಮೇಡಂ ಬಾಲಕಾರ್ಮಿಕ ಕಾಯಿದೆ ಬಿಡಿಸಿ ಹೇಳಿದರು. 2016ರ ತಿದ್ದುಪಡಿಯ ಪ್ರಕಾರ 14ರಿಂದ 18ರ ಒಳಗಿನವರನ್ನು ಅಪಾಯದ ಕೆಲಸಗಳಿಗೆ ಹಚ್ಚುವಂತಿಲ್ಲ. ಉಳಿದ ಕಡೆಯೂ ಬಿಡುವು ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸಬಾರದು. ನನಗೆ ಹತ್ತರಿಂದ ಎರಡು ಎಂದು ಗೊತ್ತುಮಾಡಿದರು.

ಮೊದಲು ಕೊಟ್ಟದ್ದು ಒಂದು ಹಾರ್ಡ್‌ವೇರ್ ಅಂಗಡಿಯ ಮಾರ್ಚ್ ತಿಂಗಳ ಖರೀದಿ ಬಿಲ್ಲುಗಳ ಕಟ್ಟು. ತಾರೀಕಿನಂತೆ ಜೋಡಿಸಿ, ಪ್ರತಿ ಬಿಲ್ಲಿನ ಜಿಎಸ್‌ಟಿ ನಂಬರ್ ನೋಡಬೇಕು. ಅದರಲ್ಲಿ ಒಟ್ಟು 15 ಸ್ಥಾನ. ಮೊದಲೆರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ವ್ಯಾಪಾರಿಯ ಪ್ಯಾನ್. ಪ್ಯಾನ್‌ನ ನಾಲ್ಕನೇ ಅಕ್ಷರ ಪಿ ಇದ್ದರೆ ವ್ಯಕ್ತಿ, ಎಫ್ ಇದ್ದರೆ ಪಾಲುದಾರಿಕೆ ಸಂಸ್ಥೆ, ಸಿ ಇದ್ದರೆ ಕಂಪನಿ. ಕಟ್ಟಕಡೆಯದು, ಹಿಂದಿನವೆಲ್ಲ ಸರಿ ಇವೆಯೇ ಎಂದು ತಾಳೆ ನೋಡಲು ಇಟ್ಟದ್ದು. ಇಷ್ಟು ತಿಳಿದ ಮೇಲೆ ಊರಿನ ಯಾವ ಅಂಗಡಿಯ ಬಿಲ್ಲು ಕೈಗೆ ಬಂದರೂ ನನ್ನ ಕಣ್ಣು ಮೊದಲು ಆ ಸಾಲಿಗೇ ಹೋಗುತ್ತದೆ.

ಈ ನಂಬರಿಗೆ ಅಷ್ಟು ಬೆಲೆ ಯಾಕೆ? ಮಂಡಿಯವರೊಬ್ಬರು ಒಂದು ಲಕ್ಷ ರೂಪಾಯಿಯ ಒಣ ಅಡಿಕೆ ಕೊಂಡರೆ ಶೇ 5ರಂತೆ 5,000 ರೂಪಾಯಿ ತೆರಿಗೆ ಕೊಟ್ಟಿರುತ್ತಾರೆ. ಮುಂದೆ ಮಾರುವಾಗ ತಾವು ವಸೂಲು ಮಾಡಿದ ತೆರಿಗೆಯಲ್ಲಿ ಆ 5,000 ಕಳೆದು ಉಳಿದದ್ದನ್ನು ಕಟ್ಟಿದರಾಯಿತು. ಆದರೆ ಮಾರಿದವರು ರಿಟರ್ನ್ ಸಲ್ಲಿಸುವಾಗ ಬೇರೆಯವರ ನಂಬರ್ ಹಾಕಿಬಿಟ್ಟರೆ ಕೊಂಡವರ ಖಾತೆಯಲ್ಲಿ ಆ ಹಣ ಕಾಣುವುದೇ ಇಲ್ಲ. ಅದು ಸರಿಹೋಗುವವರೆಗೆ ಕೊಂಡವರು ಕೈಯಿಂದ ಕಟ್ಟಬೇಕು. ಸಣ್ಣ ಅಂಗಡಿಗೆ ಅದು ತಿಂಗಳ ಬಾಡಿಗೆಯ ದುಡ್ಡು.

ಅಂಕಿಗಳ ಹಿಂದೆ ಮನುಷ್ಯರಿದ್ದಾರೆ ಎಂದು ಅರಿವಾದದ್ದು ಇನ್ನೊಂದು ಬಗೆಯಲ್ಲಿ. ನಮ್ಮಂಥ ಊರಿನಲ್ಲಿ ಬಿಲ್ಲು ತಂದುಕೊಡುವವರೆಲ್ಲ ಮುಖ ಪರಿಚಯದವರೇ. ಯಾರಿಗೆ ಸಾಲವಿದೆ, ಯಾರ ವ್ಯಾಪಾರ ಬಿದ್ದಿದೆ ಎಂಬುದು ಪುಟ ತಿರುಗಿಸಿದರೆ ಗೊತ್ತಾಗುತ್ತದೆ. "ಇಲ್ಲಿ ನೋಡಿದ್ದು ಮನೇಲೂ ಹೇಳಬಾರದು, ಅಮ್ಮನ ಹತ್ತಿರಾನೂ" ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಊಟಕ್ಕೆ ಕೂತಾಗ ಮನೆಯವರು ಕೇಳುತ್ತಿದ್ದರು. ನಾನು ಹೇಳಲಿಲ್ಲ. ನನ್ನನ್ನು ನಂಬಿ ಕಪಾಟಿನ ಬೀಗದ ಕೈ ಕೊಟ್ಟಿದ್ದಾರಲ್ಲ ಎಂಬ ಹೆಮ್ಮೆ ಆ ಬೇಸಿಗೆಯ ದೊಡ್ಡ ಸಂಪಾದನೆ.

ಇನ್ನು ಒಂಬತ್ತರ ವಿಷಯ. ಅದೇ ಹಾರ್ಡ್‌ವೇರ್ ಅಂಗಡಿಯ ಬ್ಯಾಂಕ್ ಲೆಕ್ಕವನ್ನು ಟ್ಯಾಲಿಯಲ್ಲಿ ತಾಳೆ ಹಾಕುತ್ತಿದ್ದೆವು. ಬ್ಯಾಂಕಿಗೆ ಇನ್ನೂ ಹೋಗದ ಚೆಕ್ಕುಗಳು, ಬ್ಯಾಂಕು ತಾನೇ ಕಡಿದುಕೊಂಡ ಶುಲ್ಕ ಎಲ್ಲ ಸರಿಪಡಿಸಿದ ಮೇಲೂ 1,800 ರೂಪಾಯಿ ವ್ಯತ್ಯಾಸ ಉಳಿಯಿತು. ಆಫೀಸಿನ ಹಳೆಯ ಅಕೌಂಟೆಂಟ್ ರಾಯರು ಎದ್ದು ಬರಲೂ ಇಲ್ಲ. "ಮೊದಲು ಅರ್ಧ ಮಾಡು ಪುಟ್ಟಿ. 900ರ ಎಂಟ್ರಿ ಇದೆಯಾ? ಜಮಾ ಆಗಬೇಕಾದ್ದು ಖರ್ಚಿಗೆ ಬಿದ್ದಿದ್ದರೆ ವ್ಯತ್ಯಾಸ ಎರಡರಷ್ಟು ಬರ್ತದೆ" ಎಂದರು. 900ರದ್ದು ಇರಲಿಲ್ಲ. "ಹಾಗಾದ್ರೆ ಒಂಬತ್ತರಿಂದ ಭಾಗಿಸು."

ಭಾಗ ಹೋಯಿತು, 200 ಬಂತು. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರಬೇಕು ಎಂದರು ರಾಯರು. ಅದು ಹೇಗೆ ಗೊತ್ತಾಯಿತು ಎಂದು ಬಿಲ್ಲಿನ ಹಿಂಬದಿಯಲ್ಲೇ ಬರೆದು ನೋಡಿದೆ. ಸಾವಿರದ ಸ್ಥಾನದಲ್ಲಿ ಎ, ನೂರರ ಸ್ಥಾನದಲ್ಲಿ ಬಿ ಇದ್ದರೆ 1000ಎ + 100ಬಿ. ತಿರುಗಿಸಿದರೆ 1000ಬಿ + 100ಎ. ಕಳೆದರೆ ಉಳಿಯುವುದು 900(ಎ – ಬಿ). ಇಲ್ಲಿ 1,800 ಉಳಿದಿದೆ, ಅಂದರೆ ಆ ಎರಡು ಅಂಕಿಗಳ ನಡುವಿನ ಅಂತರ 2. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಬೀಜಗಣಿತ ಒಂದು ಅಂಗಡಿಯ ಲೆಕ್ಕದೊಳಗೆ ಹೀಗೆ ಎದ್ದು ಕೂತಿದ್ದನ್ನು ಕಂಡು ನನಗಾದ ಸಂತೋಷ ಹೇಳತೀರದು. ವೋಚರುಗಳಲ್ಲಿ ಅಂಥ ಅಂಕಿಗಳನ್ನೇ ಹುಡುಕುತ್ತ ಹೋದೆ. ಒಂದು ಚೆಕ್ಕು ಬ್ಯಾಂಕಿನಲ್ಲಿ 7,590, ನಮ್ಮ ಪುಸ್ತಕದಲ್ಲಿ 5,790. ತಿದ್ದಿದ ಕೂಡಲೇ ವ್ಯತ್ಯಾಸ ಸೊನ್ನೆಯಾಯಿತು.

ನನ್ನ ಗೆಳತಿಯೊಬ್ಬಳು ಅದೇ ರಜೆಯಲ್ಲಿ ಬೇರೊಂದು ಕಚೇರಿಗೆ ಹೋಗಿದ್ದಳು. ಝೆರಾಕ್ಸ್ ಮಾಡಿಸಿ ತರುವುದು, ಟೀ ಹೇಳಿ ಬರುವುದು, ಕೊನೆಯ ದಿನ ಎಲ್ಲರೊಂದಿಗೆ ಫೋಟೊ, ಒಂದು ಸರ್ಟಿಫಿಕೇಟ್. ಅವಳು ನನಗಿಂತ ಚುರುಕು. ಅವಳಿಗೆ ಹೀಗಾಯಿತಲ್ಲ ಎಂದು ಇಂದಿಗೂ ಹೊಟ್ಟೆ ಉರಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯ ಮಕ್ಕಳು ಚೀಲವಿಲ್ಲದೆ ಹತ್ತು ದಿನ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕು ಎನ್ನುತ್ತದೆ. ಅಲ್ಲಿಯೂ ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ಹತ್ತು ದಿನ ಕಳೆದುಹೋಗುತ್ತವೆ, ಅಷ್ಟೇ.

ಮಕ್ಕಳನ್ನು ಸೇರಿಸಿಕೊಳ್ಳುವ ಆಫೀಸಿನವರಲ್ಲಿ ನನ್ನದೊಂದು ಕೋರಿಕೆ. ದೊಡ್ಡ ಕೆಲಸದ ತುಣುಕು ಕೊಡುವ ಬದಲು ಸಣ್ಣ ಕೆಲಸವನ್ನು ಪೂರ್ತಿ ಕೊಡಿ: ಒಂದೇ ಅಂಗಡಿ, ಒಂದೇ ತಿಂಗಳು, ಚೀಲ ಬಿಚ್ಚುವುದರಿಂದ ಹಿಡಿದು ತಾಳೆಯಾಗುವವರೆಗೆ. ಮಾಡಿದ್ದನ್ನು ಪಕ್ಕದಲ್ಲಿ ಕೂತು ಒಬ್ಬರು ಪರೀಕ್ಷಿಸಲಿ. ತಂದೆತಾಯಿಯರೂ ಸೇರಿಸುವ ಮುಂಚೆ ಕೇಳಬೇಕಾದ ಪ್ರಶ್ನೆ ಇದೇ: ಮಗು ಯಾವ ಕೆಲಸವನ್ನು ತಾನೇ ಮುಗಿಸುತ್ತದೆ, ಅದನ್ನು ಯಾರು ನೋಡುತ್ತಾರೆ?