ಹಳೆಯ ಸೇನಾ ಬಂದೂಕುಗಳ ಸಂಗ್ರಹ ಮತ್ತು ಹರಾಜು

ಸೈನ್ಯಗಳು ಬಳಸಿ ಸೇವೆಯಿಂದ ಕೈಬಿಟ್ಟ ಕೋವಿ, ಮಸ್ಕೆಟ್, ರೈಫಲ್ ಮುಂತಾದವನ್ನು ಹರಾಜಿನಲ್ಲಿ ಅಥವಾ ವ್ಯಾಪಾರಿಗಳಿಂದ ಕೊಂಡು, ಐತಿಹಾಸಿಕ ಆಸಕ್ತಿಯಿಂದಲೋ ಬೆಲೆ ಏರುವ ನಿರೀಕ್ಷೆಯಿಂದಲೋ ಇಟ್ಟುಕೊಳ್ಳುವುದನ್ನು ಹಳೆಯ ಸೇನಾ ಬಂದೂಕುಗಳ ಸಂಗ್ರಹ ಎನ್ನುತ್ತಾರೆ. ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಇದು ನೆಲೆಗೊಂಡ ಹವ್ಯಾಸ; ಒಂದು ಮಟ್ಟಿಗೆ ಹೂಡಿಕೆಯ ಮಾರ್ಗವೂ ಹೌದು. ಭಾರತದಲ್ಲಿ ಸ್ಥಿತಿ ಬೇರೆ. ಇಲ್ಲಿ ಹಳೆಯ ಬಂದೂಕಿನ ಭವಿಷ್ಯವನ್ನು ಅದರ ವಯಸ್ಸಿಗಿಂತ ಹೆಚ್ಚಾಗಿ ಎರಡು ಸಂಗತಿಗಳು ನಿರ್ಧರಿಸುತ್ತವೆ: ಅದರ ನಳಿಗೆಯ ಒಳವ್ಯಾಸ ಎಷ್ಟು, ಮತ್ತು ಅದು ಇನ್ನೂ ಗುಂಡು ಹಾರಿಸಬಲ್ಲದೇ. ಈ ಲೇಖನವು ವಿಷಯವನ್ನು ಕರ್ನಾಟಕದ, ವಿಶೇಷವಾಗಿ ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಹಿನ್ನೆಲೆಯಲ್ಲಿ ವಿವರಿಸುತ್ತದೆ.

ಪ್ರಾದೇಶಿಕ ಹಿನ್ನೆಲೆ

ಮಲೆನಾಡಿನ ಅಂಚಿನಿಂದ ಬಯಲುಸೀಮೆಯವರೆಗೆ ಹರಡಿರುವ ಈ ಮೂರು ತಾಲ್ಲೂಕುಗಳು ಹಿಂದಿನ ಕಡೂರು ಜಿಲ್ಲೆಯ ಭಾಗಗಳು. ಅಜ್ಜಂಪುರ ಇತ್ತೀಚಿನವರೆಗೂ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಪ್ರದೇಶಕ್ಕೂ ಯುದ್ಧಸಾಮಗ್ರಿಗೂ ಇರುವ ನಂಟು ಹಳೆಯದು. ತರೀಕೆರೆಯು ಪಾಳೆಯಗಾರರ ನೆಲೆಯಾಗಿತ್ತು. 1830–31ರ ನಗರ ದಂಗೆಯಲ್ಲಿ ಅಲ್ಲಿಯ ಸರ್ಜಾ ಹನುಮಪ್ಪ ನಾಯಕ ಪಾಲ್ಗೊಂಡನು. ಆ ದಂಗೆಯ ಬೆನ್ನಲ್ಲೇ 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡರು. ಅಜ್ಜಂಪುರದ ಹೆಸರು ಅಮೃತಮಹಲ್ ದನಗಳ ತಳಿ ಸಂವರ್ಧನ ಕೇಂದ್ರದೊಂದಿಗೆ ಬೆಸೆದಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಆರಂಭವಾಗಿ, ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಆ ತಳಿಯ ಎತ್ತುಗಳು ಸೈನ್ಯದ ಸಾಮಾನು ಮತ್ತು ತೋಪುಗಳನ್ನು ಎಳೆಯುವುದಕ್ಕೆ ಹೆಸರಾಗಿದ್ದವು. ಮೈಸೂರಿನ ಬಂದೂಕುಗಳ ಚರಿತ್ರೆ ಬರೆಯುವವರು ಈ ಎತ್ತುಗಳನ್ನು ಮರೆಯುವುದುಂಟು, ಅದು ಸರಿಯಲ್ಲ.

ಹರಾಜಿನಲ್ಲಿ ಮೈಸೂರಿನ ಬಂದೂಕುಗಳು

ಕನ್ನಡನಾಡಿನ ಬಂದೂಕುಗಳು ಹರಾಜಿನಲ್ಲಿ ದೊಡ್ಡ ಬೆಲೆಗೆ ಹೋಗಿರುವುದು ನಾಡಿನ ಹೊರಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಆಯುಧಾಗಾರದ ವಸ್ತುಗಳು ವಿಜಯಿ ಸೈನ್ಯದ ಅಧಿಕಾರಿಗಳ ಪಾಲಾಗಿ ಇಂಗ್ಲೆಂಡಿನ ಮನೆಗಳನ್ನು ಸೇರಿದವು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನಮ್ಸ್ ಸಂಸ್ಥೆ ರಾಬಿನ್ ವಿಗಿಂಗ್ಟನ್ ಸಂಗ್ರಹದಲ್ಲಿದ್ದ ಅಂಥ 30 ವಸ್ತುಗಳನ್ನು ಹರಾಜು ಹಾಕಿತು. ಒಟ್ಟು ಮೊತ್ತ ಸುಮಾರು 60 ಲಕ್ಷ ಪೌಂಡ್ ತಲುಪಿತು. ಅದರಲ್ಲಿದ್ದ, ಒಂದೇ ನಳಿಗೆಯಲ್ಲಿ ಎರಡು ಈಡುಗಳನ್ನು ಒಂದರ ಹಿಂದೊಂದು ತುಂಬುವಂತೆ ಮಾಡಿದ ಬೆಳ್ಳಿ ಕಟ್ಟಿನ ಚಕಮಕಿ ಕೋವಿಯೊಂದು 7 ಲಕ್ಷ ಪೌಂಡ್‌ಗೂ ಹೆಚ್ಚಿನ ಬೆಲೆ ಪಡೆಯಿತು. 2019ರ ಮಾರ್ಚ್‌ನಲ್ಲಿ, ಬರ್ಕ್‌ಷೈರಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕಿದ, ಬಾಯೊನೆಟ್ ಸಹಿತವಾದ ಇನ್ನೊಂದು ಬೆಳ್ಳಿ ಕಟ್ಟಿನ ಚಕಮಕಿ ಕೋವಿ 60,000 ಪೌಂಡ್‌ಗೆ ಮಾರಾಟವಾಯಿತು.

ಟಿಪ್ಪುವಿನ ಕಾರ್ಖಾನೆಗಳ ಬಂದೂಕುಗಳನ್ನು ಗುರುತಿಸಲು ಕೆಲವು ಲಕ್ಷಣಗಳಿವೆ: ಹುಲಿಯ ಪಟ್ಟೆಯನ್ನು ಹೋಲುವ ‘ಬಬ್ರಿ’ ವಿನ್ಯಾಸ, ಹುಲಿಮುಖದ ಅಲಂಕಾರ, ತಯಾರಿಸಿದ ಊರಿನ ಹೆಸರು, ಮತ್ತು ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷ. ಇಂಥ ಗುರುತುಗಳ ಜೊತೆಗೆ ಯಾವ ಕುಟುಂಬದಿಂದ ಯಾವ ಕುಟುಂಬಕ್ಕೆ ಬಂದಿತೆಂಬ ದಾಖಲೆಯೂ ಇದ್ದಾಗಲೇ ಮೇಲಿನ ಬೆಲೆಗಳು ಸಾಧ್ಯ. ಇವು ಅರಸನ ಖಾಸಗಿ ಆಯುಧಾಗಾರದ ವಸ್ತುಗಳು ಎಂಬುದನ್ನೂ ನೆನಪಿಡಬೇಕು. ಸಾಮಾನ್ಯ ಸಿಪಾಯಿಯ ಮಸ್ಕೆಟ್ ಅದೇ ಕಾಲದ್ದಾದರೂ ಆ ಲೆಕ್ಕಕ್ಕೆ ಬರುವುದಿಲ್ಲ.

ಸಿಪಾಯಿ ಬಂದೂಕುಗಳ ಮಾರುಕಟ್ಟೆಗೆ ನೇಪಾಳದ ಉದಾಹರಣೆ ಹೆಚ್ಚು ಹೊಂದುತ್ತದೆ. ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಆಯುಧಾಗಾರದಲ್ಲಿದ್ದ ಹತ್ತಾರು ಸಾವಿರ ಬಂದೂಕುಗಳನ್ನು 2003ರಲ್ಲಿ ಅಮೆರಿಕದ ಎರಡು ಸಂಸ್ಥೆಗಳು ಕೊಂಡುಕೊಂಡವು. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಬ್ರೌನ್ ಬೆಸ್ ಮಸ್ಕೆಟ್‌ನಿಂದ ಮಾರ್ಟಿನಿ–ಹೆನ್ರಿ ರೈಫಲ್‌ವರೆಗೆ ಅಲ್ಲಿ ಎಲ್ಲವೂ ಇದ್ದವು. ಅವು ಸಂಗ್ರಾಹಕರಿಗೆ ಒಂದೊಂದಾಗಿ ಬಿಕರಿಯಾದವು. ಅಮೆರಿಕದ ಒಕ್ಕೂಟ ಕಾನೂನು 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕುಗಳನ್ನು ಪುರಾತನ ವಸ್ತುಗಳೆಂದು ಬೇರೆಯಾಗಿ ಕಾಣುವುದರಿಂದ ಆ ವ್ಯಾಪಾರ ಸುಲಭವಾಯಿತು.

ಬೆಲೆಯನ್ನು ನಿರ್ಧರಿಸುವ ಅಂಶಗಳು

ಅಂತರರಾಷ್ಟ್ರೀಯ ಹರಾಜುಗಳಲ್ಲಿ ಮೊದಲು ನೋಡುವುದು ಬಂದೂಕು ತನ್ನ ಮೂಲ ಸ್ಥಿತಿಯಲ್ಲಿದೆಯೇ ಎಂಬುದನ್ನು. ನಳಿಗೆ, ಬೋಲ್ಟ್ ಮತ್ತು ಚೌಕಟ್ಟಿನ ಮೇಲಿನ ಕ್ರಮಸಂಖ್ಯೆಗಳು ಒಂದಕ್ಕೊಂದು ಹೊಂದಬೇಕು. ಬೇಟೆಗೆ ಹಗುರವಾಗಲೆಂದು ಮರವನ್ನು ಕತ್ತರಿಸಿದ ಸೇನಾ ರೈಫಲ್‌ನ ಬೆಲೆ ಕುಸಿಯುತ್ತದೆ. ತುಕ್ಕು ತೆಗೆಯಲು ಉಜ್ಜಿ ಹೊಳಪು ಕೊಟ್ಟದ್ದರ ಬೆಲೆಯೂ ಅಷ್ಟೇ. ಹಿತ್ತಾಳೆ ಪಾತ್ರೆಯಂತೆ ಬಂದೂಕನ್ನು ಬೆಳಗುವುದು ಒಳ್ಳೆಯ ಉದ್ದೇಶದಿಂದ ಮಾಡುವ ಹಾನಿ.

ಭಾರತದಲ್ಲಿ ತಯಾರಾದ ರೈಫಲ್‌ಗಳಲ್ಲಿ ಮುದ್ರೆಗಳೇ ಇತಿಹಾಸ ಹೇಳುತ್ತವೆ. ಕೋಲ್ಕತ್ತ ಬಳಿಯ ಇಛಾಪುರದ ರೈಫಲ್ ಕಾರ್ಖಾನೆಯ ಲೀ–ಎನ್‌ಫೀಲ್ಡ್‌ಗಳ ಮೇಲೆ ಬ್ರಿಟಿಷ್ ಆಳ್ವಿಕೆಯಲ್ಲಿ ಕಿರೀಟ ಮತ್ತು ಚಕ್ರವರ್ತಿಯ ಹೆಸರಿನ ಅಕ್ಷರಗಳಿದ್ದವು. ಗಣರಾಜ್ಯವಾದ ಮೇಲೆ ಆ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು. ನಕಲಿಗಳನ್ನು ಹಿಡಿಯುವುದೂ ಮುದ್ರೆಯಿಂದಲೇ. ಖೈಬರ್ ಕಣಿವೆಯ ಸುತ್ತಲಿನ ಕುಲುಮೆಗಳಲ್ಲಿ ಬ್ರಿಟಿಷ್ ರೈಫಲ್‌ಗಳ ಪ್ರತಿಗಳು ಬಹುಕಾಲದಿಂದ ತಯಾರಾಗುತ್ತಿವೆ. ಅಕ್ಷರ ತಿಳಿಯದ ಕಮ್ಮಾರ ಮುದ್ರೆಯನ್ನು ಚಿತ್ರವೆಂಬಂತೆ ನೋಡಿ ಕೊರೆಯುವುದರಿಂದ ಅಕ್ಷರಗಳು ತಿರುಗುಮುರುಗಾಗುತ್ತವೆ. ವಿಕ್ಟೋರಿಯಾ ರಾಣಿಯ ಮುದ್ರೆಯ ಕೆಳಗೆ 1910ರ ದಶಕದ ವರ್ಷವಿದ್ದರೆ ಸಂದೇಹಕ್ಕೆ ಎಡೆಯೇ ಇಲ್ಲ. ಆಕೆ ತೀರಿಕೊಂಡದ್ದು 1901ರ ಜನವರಿಯಲ್ಲಿ.

ಭಾರತದ ಕಾನೂನು

1959ರ ಆಯುಧ ಕಾಯ್ದೆಯ 3ನೇ ಪ್ರಕರಣದಂತೆ ಪರವಾನಗಿಯಿಲ್ಲದೆ ಬಂದೂಕನ್ನು ಪಡೆಯುವುದಾಗಲಿ ಹೊಂದುವುದಾಗಲಿ ಅಪರಾಧ. 2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಮಿತಿಯನ್ನು 3ರಿಂದ 2ಕ್ಕೆ ಇಳಿಸಿತು. ವಂಶಪಾರಂಪರ್ಯವಾಗಿ ಬಂದವುಗಳಿಗೂ ಈ ಮಿತಿ ಅನ್ವಯಿಸುತ್ತದೆ. ಹತ್ತಾರು ರೈಫಲ್‌ಗಳ ಖಾಸಗಿ ಸಂಗ್ರಹ ಎಂಬ ಪಾಶ್ಚಾತ್ಯ ಕಲ್ಪನೆ ಇಲ್ಲಿಗೇ ನಿಲ್ಲುತ್ತದೆ.

ಸೇನಾ ರೈಫಲ್‌ಗಳಿಗೆ ಇನ್ನೂ ದೊಡ್ಡ ತಡೆ ‘ನಿಷೇಧಿತ ಬೋರ್’. .303 ಅಥವಾ 7.62 ಮಿ.ಮೀ. ಸೇನಾ ತೋಟಾವನ್ನು ಹಾರಿಸಬಲ್ಲ ರೈಫಲ್‌ಗಳು ಮತ್ತು .410 ಮಸ್ಕೆಟ್‌ಗಳು ಈ ವರ್ಗಕ್ಕೆ ಸೇರುತ್ತವೆ. ಸಂಗ್ರಾಹಕರು ಜಗತ್ತಿನೆಲ್ಲೆಡೆ ಅಗ್ಗದಲ್ಲಿ ಕೊಳ್ಳುವ ಲೀ–ಎನ್‌ಫೀಲ್ಡ್ ಭಾರತದ ನಾಗರಿಕನ ಕೈಗೆ ಸಾಮಾನ್ಯವಾಗಿ ಸಿಗದಿರುವುದು ಇದರಿಂದಲೇ. ಇಛಾಪುರದ ಕಾರ್ಖಾನೆ ನಾಗರಿಕರಿಗಾಗಿ ಅದೇ ಬಗೆಯ ಬೋಲ್ಟ್ ರಚನೆಯ .315 ಬೋರ್ ರೈಫಲನ್ನು ಬೇರೆಯಾಗಿ ತಯಾರಿಸಿದ್ದೂ ಇದೇ ಕಾರಣಕ್ಕೆ. ನಿಷೇಧಿತ ಆಯುಧವನ್ನು ಅಕ್ರಮವಾಗಿ ಹೊಂದಿದ್ದರೆ 7ರಿಂದ 14 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಹಾಗಾದರೆ ಪುರಾತನ ಬಂದೂಕಿಗೆ ವಿನಾಯಿತಿಯಿಲ್ಲವೇ? ಇದೆ, ಆದರೆ ಜನ ತಿಳಿದುಕೊಂಡಷ್ಟು ವಿಶಾಲವಾಗಿಲ್ಲ. ಕಾಯ್ದೆಯ 45ನೇ ಪ್ರಕರಣವು ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯವುಳ್ಳ ಅಥವಾ ಕೆಟ್ಟುಹೋದ ಆಯುಧವನ್ನು ಹೊರಗಿಡುತ್ತದೆ. ಷರತ್ತು ಏನೆಂದರೆ, ಅದು ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿರಬೇಕು. ಗೋಡೆಗೆ ನೇತುಹಾಕಿದ ನೂರು ವರ್ಷದ ಕೋವಿಯ ಕುದುರೆಯನ್ನು ಸರಿಪಡಿಸಿದರೆ ಈಡು ಹಾರುವುದಾದರೆ, ಈ ವಿನಾಯಿತಿಯ ದೃಷ್ಟಿಯಲ್ಲಿ ಅದು ಇಂದಿಗೂ ಕೋವಿಯೇ. 2020ರ ಫೆಬ್ರುವರಿಯಲ್ಲಿ ಕೇಂದ್ರ ಗೃಹ ಸಚಿವಾಲಯವು ‘ಕ್ಯೂರಿಯೊ’ ವರ್ಗದ ಸಣ್ಣ ಆಯುಧಗಳನ್ನು ಹೊಂದಲು ಭಾರತೀಯ ನಾಗರಿಕರಿಗೆ ಪರವಾನಗಿ ಬೇಡವೆಂದು ತಿಳಿಸಿತು. ಅವುಗಳನ್ನು ಬಳಸಲು, ಒಯ್ಯಲು ಅಥವಾ ಸಾಗಿಸಲು ಪರವಾನಗಿ ಬೇಕೇ ಬೇಕು. ತನ್ನಲ್ಲಿರುವ ವಸ್ತು ಆ ವರ್ಗಕ್ಕೆ ಸೇರುವುದೆಂದು ಮಾಲೀಕನೇ ತೀರ್ಮಾನಿಸಿಕೊಳ್ಳದೆ ಅಧಿಕಾರಿಗಳಿಂದ ಬರಹದಲ್ಲಿ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಮಾರಾಟಕ್ಕೂ ನಿಯಮವಿದೆ. 5ನೇ ಪ್ರಕರಣದ ಪ್ರಕಾರ ಪರವಾನಗಿದಾರನು ತನ್ನ ಬಂದೂಕನ್ನು ಮಾರುವ ಉದ್ದೇಶವನ್ನು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವನಿಗೂ ಪರವಾನಗಿ ಇರಬೇಕು. ಹರಾಜಿನ ಸುತ್ತಿಗೆ ಬಿದ್ದ ಕೂಡಲೇ ವಸ್ತು ಕೈಬದಲಾಗುವ ಪದ್ಧತಿ ಇಲ್ಲಿ ನಡೆಯದು.

ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳಿಗೆ 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯೂ ಅನ್ವಯಿಸುತ್ತದೆ. ಅದರಂತೆ ಖಾಸಗಿ ವ್ಯಕ್ತಿಗಳು ಪುರಾತನ ವಸ್ತುವನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ತರೀಕೆರೆಯ ಒಂದು ಮನೆಯಲ್ಲಿ ಪಾಳೆಯಗಾರರ ಕಾಲದ ಕೋವಿಯೇ ಸಿಕ್ಕಿತೆಂದುಕೊಳ್ಳೋಣ. ಲಂಡನ್ನಿನ ಬೆಲೆಪಟ್ಟಿಯಿಂದ ಆ ಮನೆಯವರಿಗೆ ಆಗುವ ಪ್ರಯೋಜನ ಏನೂ ಇಲ್ಲ. ದೇಶದೊಳಗೆ ನಿಜವಾಗಿ ಬೆಲೆ ಏರಿರುವುದು ಬೇರೊಂದು ವರ್ಗಕ್ಕೆ: 1980ರ ದಶಕದ ನಡುಭಾಗದಲ್ಲಿ ಸಾಮಾನ್ಯ ನಾಗರಿಕರ ಬಂದೂಕು ಆಮದು ನಿಲ್ಲುವ ಮೊದಲು ಬಂದ ವೆಬ್ಲಿ ಆಂಡ್ ಸ್ಕಾಟ್, ಗ್ರೀನರ್ ಮುಂತಾದ ವಿದೇಶಿ ತಯಾರಿಕೆಗಳಿಗೆ. ಅವು ಸೇನಾ ಬಂದೂಕುಗಳಲ್ಲ. ಅವುಗಳ ಬೆಲೆಯ ಮೂಲ ಪೂರೈಕೆಯ ಕೊರತೆ, ಇತಿಹಾಸವಲ್ಲ.

ಮನೆಯ ಕೋವಿ ಮತ್ತು ವಾರಸುದಾರರು

ಈ ಮೂರು ತಾಲ್ಲೂಕುಗಳಲ್ಲಿ ಹಳೆಯ ಬಂದೂಕಿನ ಪ್ರಶ್ನೆ ಹರಾಜುಕಟ್ಟೆಗಿಂತ ಮನೆಯ ಅಟ್ಟದಲ್ಲಿ ಎದುರಾಗುವುದೇ ಹೆಚ್ಚು. ಹಂದಿ, ಮಂಗ, ಆನೆಗಳ ಕಾಟವಿರುವ ತೋಟ ಗದ್ದೆಗಳ ಕಾವಲಿಗೆ ಮಲೆನಾಡಿನವರು ಮದ್ದು, ಚರೆಗಳನ್ನು ಬಾಯಿಯಿಂದ ತುಂಬುವ ಕೇಪಿನ ಕೋವಿಯನ್ನೋ ಒಂಟಿನಳಿಗೆ ಅಥವಾ ಜೋಡುನಳಿಗೆಯ ತೋಟಾ ಕೋವಿಯನ್ನೋ ಇಟ್ಟುಕೊಂಡು ಬಂದಿದ್ದಾರೆ. ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿ ಬೇಕೆಂಬ ಅರ್ಜಿಗೆ ಕಾಯ್ದೆಯ 13ನೇ ಪ್ರಕರಣದಲ್ಲಿ ಪ್ರತ್ಯೇಕ ಉಲ್ಲೇಖವಿದೆ. ಚುನಾವಣೆ ಬಂದಾಗಲೆಲ್ಲ ಈ ಕೋವಿಗಳನ್ನು ಠಾಣೆಯಲ್ಲಿ ಇಡಬೇಕಾಗುವುದು ರೈತರ ಹಳೆಯ ತಕರಾರು. ಹಂದಿಗಳು ನೀತಿ ಸಂಹಿತೆ ಪಾಲಿಸುವುದಿಲ್ಲವಷ್ಟೆ.

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಕಡೆಯಲ್ಲಿ ಇನ್ನೊಂದು ಷರತ್ತು ಸೇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಪ್ರಕರಣದಂತೆ ಅಭಯಾರಣ್ಯದಿಂದ 10 ಕಿ.ಮೀ. ಒಳಗೆ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ಅರಣ್ಯಾಧಿಕಾರಿಗಳಲ್ಲಿ ನೋಂದಾಯಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯಿಲ್ಲದೆ ಆ ವಲಯದಲ್ಲಿ ಹೊಸ ಪರವಾನಗಿ ಕೊಡುವಂತಿಲ್ಲ. ಭದ್ರಾ ಅಭಯಾರಣ್ಯದ ಅಂಚಿನ ಹಳ್ಳಿಗಳು ಈ ವ್ಯಾಪ್ತಿಗೆ ಬರುತ್ತವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿಶೇಷ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಚಿಕ್ಕಮಗಳೂರು ಜಿಲ್ಲೆಯವರಿಗೆ ಅದು ಅನ್ವಯಿಸುವುದಿಲ್ಲ.

ತೊಡಕು ಹುಟ್ಟುವುದು ಪರವಾನಗಿದಾರನ ಮರಣದ ನಂತರ. ಅಜ್ಜನ ಹೆಸರಿನ ಪರವಾನಗಿ ಅಜ್ಜನೊಂದಿಗೇ ಮುಗಿಯುತ್ತದೆ. ಕೋವಿ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಹಾಗೆ ಉಳಿದದ್ದನ್ನು ವಾರಸುದಾರರು 21ನೇ ಪ್ರಕರಣದಂತೆ ಅನಗತ್ಯ ವಿಳಂಬವಿಲ್ಲದೆ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲಿ ಠೇವಣಿ ಇಟ್ಟು, ಬಳಿಕ ತಮ್ಮ ಹೆಸರಿಗೆ ಪರವಾನಗಿ ಕೋರಬೇಕು. ಸುಮ್ಮನೆ ಇಟ್ಟುಕೊಂಡರೆ, ಬೋರ್ ನಿಷೇಧಿತವಲ್ಲದಿದ್ದರೂ 2ರಿಂದ 5 ವರ್ಷಗಳ ಸೆರೆವಾಸದ ಅಪಾಯವಿದೆ. 2016ರ ಆಯುಧ ನಿಯಮಗಳು ಜೀವಂತವಿರುವಾಗಲೇ ವರ್ಗಾಯಿಸುವ ದಾರಿಯನ್ನೂ ತೆರೆದಿವೆ: ಪರವಾನಗಿದಾರನಿಗೆ 70 ವರ್ಷವಾದಾಗ ಅಥವಾ ಬಂದೂಕನ್ನು 25 ವರ್ಷ ಹೊಂದಿದ್ದಾಗ, ಯಾವುದು ಮೊದಲೋ ಆಗ, ಆತ ಹೆಸರಿಸಿದ ಕಾನೂನುಬದ್ಧ ವಾರಸುದಾರನಿಗೆ ಪರವಾನಗಿ ಕೊಡಬಹುದು. ಮೂಲ ಪರವಾನಗಿ ಪುಸ್ತಕ, ನವೀಕರಣದ ನಮೂದುಗಳು, ಠಾಣೆಯ ಠೇವಣಿ ರಸೀದಿ ಇವನ್ನು ಕೋವಿಯಷ್ಟೇ ಜೋಪಾನವಾಗಿ ಇಡುವ ಮನೆಗಳಿಗೆ ಈ ಕೆಲಸ ಸುಲಭ. ಮುಂದೆ ಮಾರುವುದಾದರೂ ಕೊಳ್ಳುವವನು ಮೊದಲು ಕೇಳುವುದು ಅವನ್ನೇ.

ನೆಲದಲ್ಲಿ ಸಿಕ್ಕಿದ ಆಯುಧಗಳು

ಉಳುಮೆ, ಬಾವಿ, ಪಾಯದ ಕೆಲಸಗಳಲ್ಲಿ ಹಳೆಯ ಆಯುಧ ಸಿಕ್ಕರೆ ಅದು ಸಿಕ್ಕಿದವರ ಸ್ವತ್ತಾಗುವುದಿಲ್ಲ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತುಗಳ ಬಗ್ಗೆ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಅಧಿಕಾರಿಗಳಿಗೆ ತಿಳಿಸಬೇಕು. ಮದ್ದು ತುಂಬಿದ್ದಿರಬಹುದಾದ ವಸ್ತುವನ್ನು ಮುಟ್ಟದೆ ಪೊಲೀಸರನ್ನು ಕರೆಯುವುದು ಜೀವದ ದೃಷ್ಟಿಯಿಂದಲೂ ಅಗತ್ಯ. ನೆರೆಯ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರ ಜುಲೈನಲ್ಲಿ ಹಾಳುಬಿದ್ದ ಬಾವಿಯೊಂದರಿಂದ ಟಿಪ್ಪು ಕಾಲದವೆಂದು ಗುರುತಿಸಲಾದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳನ್ನು ಪುರಾತತ್ತ್ವ ಇಲಾಖೆ ಹೊರತೆಗೆಯಿತು. ಅವು ಹರಾಜಿಗೆ ಹೋಗಲಿಲ್ಲ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದ ಪಾಲಾದವು.