ಪರದೆಯ ಮುಂದಿನ ಪಾಠ: ಚಿತ್ರ, ಧ್ವನಿ ಮತ್ತು ಕಲಿಕೆ



ನಮ್ಮ ಮನೆಗಳ ಪ್ರೌಢಶಾಲಾ ವಿದ್ಯಾರ್ಥಿಗಳು ಗಣಕಯಂತ್ರದ ಮುಂದೆ ಕುಳಿತು ಪಾಠ ಕಲಿಯುವುದು ಈಗ ವಿಶೇಷವೇನೂ ಅಲ್ಲ. 2020ರ ಮಾರ್ಚ್ ತಿಂಗಳಲ್ಲಿ ಒಂಟಾರಿಯೋದ ಶಾಲೆಗಳು ಮುಚ್ಚಿದಾಗ ಅದು ಅನಿವಾರ್ಯವಾಗಿತ್ತು. 2021ರ ಏಪ್ರಿಲ್‌ನಿಂದ ಆ ಶಾಲಾ ವರ್ಷ ಮುಗಿಯುವವರೆಗೆ ಪುನಃ ಅದೇ ಸ್ಥಿತಿ ಒದಗಿತು. ಸೋಂಕು ಹಿಂದೆ ಸರಿದರೂ ಅಂತರ್ಜಾಲದ ಪಾಠ ಹಿಂದೆ ಸರಿಯಲಿಲ್ಲ. 2020-21ರಿಂದ ಒಂಬತ್ತನೆಯ ತರಗತಿಗೆ ಸೇರಿದವರು ಡಿಪ್ಲೊಮಾಕ್ಕೆ ಬೇಕಾದ 30 ಕ್ರೆಡಿಟ್‌ಗಳಲ್ಲಿ ಎರಡನ್ನು ಅಂತರ್ಜಾಲದ ಮೂಲಕವೇ ಗಳಿಸಬೇಕೆಂಬ ನಿಯಮವನ್ನು ಪ್ರಾಂತ ಸರ್ಕಾರ ತಂದಿತು. ಪಾಲಕರು ಬರೆದುಕೊಟ್ಟರೆ ಇದರಿಂದ ವಿನಾಯಿತಿ ಪಡೆಯಲೂ ಅವಕಾಶವಿದೆ. ಆದುದರಿಂದ ಟೊರಾಂಟೊ, ಮಿಸ್ಸಿಸಾಗಾ, ಬ್ರಾಂಪ್ಟನ್, ಮಾರ್ಕಂ ಎಲ್ಲಿಯೇ ಇರಲಿ, ಈ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂದಿದೆ: ಪರದೆಯ ಪಾಠದಿಂದ ಮಗು ನಿಜವಾಗಿಯೂ ಏನನ್ನು ಪಡೆಯುತ್ತದೆ?

ದೂರಶಿಕ್ಷಣ ಈ ಪ್ರಾಂತಕ್ಕೆ ಹೊಸದಲ್ಲ. ಉತ್ತರ ಒಂಟಾರಿಯೋದ ದೂರದ ನೆಲೆಗಳಲ್ಲಿದ್ದ ಮಕ್ಕಳಿಗಾಗಿ 1926ರಲ್ಲಿಯೇ ಅಂಚೆಯ ಮೂಲಕ ಪಾಠಗಳು ಆರಂಭವಾದವು. 1970ರಲ್ಲಿ ಸ್ಥಾಪನೆಯಾದ ಟಿವಿಒಂಟಾರಿಯೋ ಸಂಸ್ಥೆ ಶಿಕ್ಷಣಕ್ಕೆ ದೃಶ್ಯವನ್ನು ಸೇರಿಸಿತು. ಅಂಚೆಯಲ್ಲಿ ಬರೆಹ, ದೂರದರ್ಶನದಲ್ಲಿ ಚಿತ್ರ ಮತ್ತು ಮಾತು. ಇಂದಿನ ಪರದೆಯ ಮೇಲಾದರೋ ಬರೆಹ, ಚಿತ್ರ, ಧ್ವನಿ, ಚಲನಚಿತ್ರ, ಸಹಪಾಠಿಗಳ ಹರಟೆ ಎಲ್ಲವೂ ಏಕಕಾಲಕ್ಕೆ ಬರುತ್ತವೆ. ಮಾಧ್ಯಮಗಳು ಹೆಚ್ಚಿದಷ್ಟೂ ಕಲಿಕೆ ಹೆಚ್ಚುತ್ತದೆಯೆಂದು ನಾವು ಸಹಜವಾಗಿ ನಂಬುತ್ತೇವೆ. ಈ ನಂಬಿಕೆ ಅರ್ಧ ಮಾತ್ರ ಸತ್ಯ.

ಆ ಅರ್ಧ ಸತ್ಯಕ್ಕೆ ಆಧಾರ ಒದಗಿಸಿದವರು ಇಲ್ಲಿಂದ ಸುಮಾರು ಎರಡು ಗಂಟೆಯ ದಾರಿಯಲ್ಲಿರುವ ಲಂಡನ್ ನಗರದ ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಅಲನ್ ಪೈವಿಯೊ. ಮನಸ್ಸು ಮಾತನ್ನೂ ಚಿತ್ರವನ್ನೂ ಎರಡು ಬೇರೆ ಮಾರ್ಗಗಳಲ್ಲಿ ಗ್ರಹಿಸುತ್ತದೆ, ಎರಡರಲ್ಲಿಯೂ ದಾಖಲಾದ ವಿಷಯ ಹೆಚ್ಚು ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ ಎಂಬುದು 1971ರ ಗ್ರಂಥದಲ್ಲಿ ಅವರು ವಿಸ್ತರಿಸಿದ ಸಿದ್ಧಾಂತ. ಉಳಿದರ್ಧವನ್ನು ಆಸ್ಟ್ರೇಲಿಯದ ಜಾನ್ ಸ್ವೆಲ್ಲರ್ 1988ರಲ್ಲಿ ತೋರಿಸಿದರು: ಒಂದು ಕ್ಷಣದಲ್ಲಿ ಮನಸ್ಸು ಹೊರಬಲ್ಲ ಹೊರೆಗೆ ಮಿತಿಯಿದೆ. ಕ್ಯಾಲಿಫೋರ್ನಿಯದ ರಿಚರ್ಡ್ ಮೇಯರ್ ಈ ಎರಡನ್ನೂ ಜೋಡಿಸಿ, ಬಹುಮಾಧ್ಯಮ ಕಲಿಕೆಯನ್ನು ಕುರಿತು 2001ರಲ್ಲಿ ಗ್ರಂಥ ರಚಿಸಿದರು.

ಅವರ ನಿಯಮಗಳನ್ನು ಅರಿಯಲು ನಮಗೆ ಗಮಕ ಕಲೆಯೇ ಸಾಕು. ವಾಚನಕಾರರು ಪದ್ಯವನ್ನು ರಾಗವಾಗಿ ಓದಿ ನಿಲ್ಲಿಸುತ್ತಾರೆ. ಅನಂತರ ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಕೇಳುಗನಿಗೆ ಪದ್ಯವೂ ಇಲ್ಲ, ಅರ್ಥವೂ ಇಲ್ಲ. ಪರದೆಯ ತರಗತಿಯಲ್ಲಿ ಅನೇಕ ವೇಳೆ ನಡೆಯುವುದು ಇದೇ. ಪರದೆಯ ತುಂಬ ವಾಕ್ಯಗಳಿರುತ್ತವೆ. ಅಧ್ಯಾಪಕರು ಅವನ್ನೇ ಗಟ್ಟಿಯಾಗಿ ಓದುತ್ತಾರೆ. ಪಕ್ಕದಲ್ಲಿ ಸಂದೇಶಗಳು ಹರಿಯುತ್ತವೆ. ವಿದ್ಯಾರ್ಥಿಯ ಕಣ್ಣು ಒಂದು ವೇಗದಲ್ಲಿ ಓದಿದರೆ ಕಿವಿ ಇನ್ನೊಂದು ವೇಗದಲ್ಲಿ ಕೇಳುತ್ತದೆ. ಅವನು ಸೋಮಾರಿಯಲ್ಲ, ದಣಿದಿದ್ದಾನೆ. ಅದರ ಬದಲು ಹೃದಯದ ಒಂದು ಸರಳ ಚಿತ್ರವನ್ನು ತೋರಿಸಿ, ರಕ್ತ ಚಲಿಸುವ ದಾರಿಯನ್ನು ಬಾಣದಿಂದ ಗುರುತಿಸುತ್ತ ಮಾತಿನಲ್ಲಿ ವಿವರಿಸಿದರೆ, ಕಣ್ಣಿಗೊಂದು ಕೆಲಸ, ಕಿವಿಗೊಂದು ಕೆಲಸ. ಎರಡೂ ಒಂದೇ ಅರ್ಥಕ್ಕೆ ದುಡಿಯುತ್ತವೆ.

ಇಲ್ಲಿ ವಲಸೆಗಾರರಾದ ನಾವು ಗಮನಿಸಬೇಕಾದ ಒಂದು ಅಪವಾದವಿದೆ. ಪಾಠದ ಭಾಷೆ ಅಥವಾ ಉಚ್ಚಾರಣೆ ಇನ್ನೂ ಪರಿಚಿತವಾಗದವರಿಗೆ ಮಾತಿನೊಡನೆ ಬರೆಹವೂ ಇದ್ದರೆ ಸಹಾಯವಾಗುವುದುಂಟು. ಕಳೆದ ವರ್ಷ ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಬಂದ ಹುಡುಗಿ ಪರದೆಯ ಕೆಳಗಿನ ಅಕ್ಷರಗಳನ್ನು ಓದುತ್ತ ಕೇಳಿದರೆ ಅದನ್ನು ದೌರ್ಬಲ್ಯವೆಂದು ತಡೆಯಬೇಕಾಗಿಲ್ಲ. ಇಲ್ಲಿಯೇ ಹುಟ್ಟಿದ ಅವಳ ಸೋದರ ಸಂಬಂಧಿಗೆ ಅದೇ ಅಕ್ಷರಗಳು ಅಡ್ಡಿಯಾಗಬಹುದು.

ಎರಡನೆಯ ಸಂಗತಿ ಪಾಠದ ಉದ್ದ. ಧ್ವನಿಮುದ್ರಿತ ಪಾಠವನ್ನು ನಿಲ್ಲಿಸಬಹುದು, ಹಿಂದಿರುಗಿಸಬಹುದು. ಇದು ಪರದೆಯ ದೊಡ್ಡ ವರ. ಆದರೆ ನಿಲ್ಲಿಸುವ ಅಭ್ಯಾಸವಿಲ್ಲದಿದ್ದರೆ ಮನಸ್ಸು ಅಲೆಯುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 21 ನಿಮಿಷಗಳ ಸಂಖ್ಯಾಶಾಸ್ತ್ರದ ಪಾಠವನ್ನು ನಾಲ್ಕು ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ಬಳಿಕ ಕೆಲವರಿಗೆ ಕಿರುಪರೀಕ್ಷೆ ಇಟ್ಟರು. ಅವರ ಮನಸ್ಸು ಅಲೆದದ್ದು ಕಡಿಮೆ, ಟಿಪ್ಪಣಿ ಬರೆದದ್ದು ಹೆಚ್ಚು, ನೆನಪಿಟ್ಟದ್ದೂ ಹೆಚ್ಚು. ಅವರು ಕಾಲೇಜಿನ ವಯಸ್ಸಿನವರು. ಹದಿನೈದರ ಹರೆಯದವರಿಗೆ ಇಂಥ ನಿಲುಗಡೆ ಇನ್ನಷ್ಟು ಅವಶ್ಯವೆಂದು ನನ್ನ ಅಭಿಪ್ರಾಯ.

ನಮ್ಮ ತಾಯ್ನಾಡಿನ ಅನುಭವವೂ ಇದಕ್ಕೆ ಪೂರಕವಾಗಿದೆ. ಕರ್ನಾಟಕದಲ್ಲಿ 2020ರ ಜುಲೈ ತಿಂಗಳಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ದೂರದರ್ಶನದ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಆರಂಭವಾದವು. ಗಣಕಯಂತ್ರವಿಲ್ಲದ ಮನೆಗಳನ್ನೂ ಅವು ತಲುಪಿದವು. ಆದರೆ ದೂರದರ್ಶನವನ್ನು ಪ್ರಶ್ನೆ ಕೇಳುವಂತಿಲ್ಲ. ಮರುತಿಂಗಳೇ ವಿದ್ಯಾಗಮ ಯೋಜನೆಯಡಿ ಅಧ್ಯಾಪಕರು ಮಕ್ಕಳಿದ್ದ ಊರು ಕೇರಿಗಳಿಗೇ ಹೋಗಿ, ದೇವಸ್ಥಾನದ ಅಂಗಳದಲ್ಲಿ, ಮರದ ನೆರಳಿನಲ್ಲಿ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆದರೂ ಚಿತ್ರ ಮತ್ತು ಧ್ವನಿಯ ಜೊತೆಗೆ ಉತ್ತರ ಕೊಡುವ ಒಬ್ಬ ಮನುಷ್ಯನೂ ಬೇಕೆಂಬುದನ್ನು ಅದು ತೋರಿಸಿಕೊಟ್ಟಿತು.

ಹಾಗಾದರೆ ಪಾಲಕರ ಕರ್ತವ್ಯವೇನು? ಅಂತರ್ಜಾಲದ ಕ್ರೆಡಿಟ್ ಆರಿಸುವಾಗ ಪಾಠ ಎಷ್ಟು ಆಕರ್ಷಕವಾಗಿದೆಯೆಂದು ಕೇಳುವುದಕ್ಕಿಂತ, ಅದು ಚಿಕ್ಕ ಭಾಗಗಳಲ್ಲಿದೆಯೇ, ನಡುನಡುವೆ ಪ್ರಶ್ನೆಗಳಿವೆಯೇ, ಸಂಶಯ ಬಂದಾಗ ಅಧ್ಯಾಪಕರು ಸಿಗುತ್ತಾರೆಯೇ ಎಂದು ವಿಚಾರಿಸಿರಿ. ವಿಶ್ವವಿದ್ಯಾಲಯದ ಪ್ರವೇಶಕ್ಕೆ ನಿರ್ಣಾಯಕವಾದ ಹನ್ನೆರಡನೆಯ ತರಗತಿಯ ಗಣಿತ, ಭೌತಶಾಸ್ತ್ರಗಳಲ್ಲಿಯೇ ಮೊದಲ ಪ್ರಯೋಗ ಬೇಡ. ಸುಲಭವೆನಿಸುವ ವಿಷಯದಿಂದ ತೊಡಗಲಿ. ಮಗು ಎಷ್ಟು ಹೊತ್ತು ಪರದೆಯ ಮುಂದಿತ್ತು ಎಂಬುದು ಕಲಿಕೆಯ ಅಳತೆಯಲ್ಲ. ಪರದೆಯನ್ನು ಮುಚ್ಚಿದ ಮೇಲೆ ಏನು ಹೇಳಬಲ್ಲದು ಎಂಬುದೇ ಅಳತೆ.

ಅದನ್ನು ಅಳೆಯಲು ನಮ್ಮಲ್ಲಿ ಒಂದು ಸಾಧನವಿದೆ. ರಾತ್ರಿಯ ಊಟದ ವೇಳೆಗೆ ಅಂದಿನ ಪಾಠವನ್ನು ಅಜ್ಜಿಗೆ ಕನ್ನಡದಲ್ಲಿ ವಿವರಿಸುವಂತೆ ಹೇಳಿರಿ. ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲಿದ್ದರೂ ಚಿಂತೆಯಿಲ್ಲ. ಪರದೆಯ ವಾಕ್ಯವನ್ನು ಒಪ್ಪಿಸಲು ಅಲ್ಲಿ ಸಾಧ್ಯವಿಲ್ಲ. ಸ್ವಂತ ಮಾತನ್ನು ಹುಡುಕಲೇಬೇಕು. ಹಾಗೆ ಹುಡುಕುವಾಗ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದು ಮಗುವಿಗೇ ಗೊತ್ತಾಗುತ್ತದೆ. ನಮ್ಮ ನುಡಿಗೂ ಅಡಿಗೆಮನೆಯಾಚೆಗಿನ ಒಂದು ಕೆಲಸ ದೊರೆಯುತ್ತದೆ.